ಸಾಂಗ್ಲಿವಾಡಿಯಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ತಾಸಿನ ಹಾದಿ?

ಕೃಷ್ಣೆಯ ಪಶ್ಚಿಮ ದಂಡೆಯ ಸಾಂಗ್ಲಿವಾಡಿಯಲ್ಲಿ, ಸೇತುವೆ ದಾಟಿದರೆ ಸಿಗುವ ಸಾಂಗ್ಲಿಯಲ್ಲಿ, ಪಕ್ಕದ ಮಿರಜದಲ್ಲಿ ನೆಲೆಸಿದ ನಮ್ಮ ಕನ್ನಡ ಮನೆತನಗಳ ಮಕ್ಕಳು ಅಮೇರಿಕೆಯಲ್ಲಿರುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಹಿಂದೆ ಮಗಳನ್ನು ಅಥಣಿಗೋ ಜಮಖಂಡಿಗೋ ಕೊಟ್ಟರೆ ದೂರ ಕೊಟ್ಟಿರೆಂದು ಕಣ್ಣು ಒರೆಸಿಕೊಳ್ಳುತ್ತಿದ್ದ ಅಜ್ಜಿಯರ ಮೊಮ್ಮಕ್ಕಳು ಇಂದು ಕ್ಯಾಲಿಫೋರ್ನಿಯಾದಲ್ಲಿ ಸಂಸಾರ ಹೂಡಿದ್ದಾರೆ. ಮದುವೆ ಮುಂಜಿವೆಗಳ ಪಂಕ್ತಿಯಲ್ಲಿ ನಮ್ಮನ್ನು ಕಂಡವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಅಲ್ಲಿಂದ ಇಲ್ಲಿಗೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ತಾಸು? ಕೇಳುವವರ ಮನಸ್ಸಿನೊಳಗಿನ ಪ್ರಶ್ನೆ ಅದಕ್ಕಿಂತ ಆಳವಾದುದು. ನಾಳೆ ನನಗೆ ಹೆಚ್ಚುಕಡಿಮೆಯಾದರೆ ಮಗ ಎಷ್ಟರೊಳಗೆ ಬಂದು ಮುಟ್ಟಿಯಾನು ಎಂಬುದೇ ಅದು. ಮೊದಲನೆಯದಕ್ಕೆ ಭೂಗೋಲದ ಪುಸ್ತಕ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಭೂಗೋಲವೊಂದೇ ಸಾಲದು, ರೈಲಿನ ವೇಳಾಪತ್ರಿಕೆಯೂ ಬೇಕು, ಕೃಷ್ಣೆಯ ನೀರಿನ ಮಟ್ಟವೂ ಬೇಕು.

ಅಂತರವನ್ನು ಮೊದಲು ಹೇಳಿಬಿಡೋಣ. ಭೂಮಿಯ ಮೈಮೇಲೆ ಅತ್ಯಂತ ಹತ್ತಿರದ ದಾರಿಯಿಂದ ಅಳೆದರೆ ಸಾಂಗ್ಲಿವಾಡಿಯಿಂದ ಸ್ಯಾನ್ ಫ್ರಾನ್ಸಿಸ್ಕೊ ಪಟ್ಟಣಕ್ಕೆ ಸುಮಾರು 13,700 ಕಿಲೋಮೀಟರು. ಮುಂಬಯಿಯಿಂದ ಸುಮಾರು 13,500, ಬೆಂಗಳೂರಿನಿಂದ ಸುಮಾರು 14,000. ಭೂಮಿಯ ಸುತ್ತಳತೆ 40,000 ಕಿಲೋಮೀಟರು ಎಂಬುದನ್ನು ನೆನೆದರೆ ಇದು ಅದರ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಭೂಮಿಯ ಮೇಲೆ ಯಾವ ಎರಡು ಊರುಗಳೂ 20,000 ಕಿಲೋಮೀಟರಿಗಿಂತ ದೂರವಿರಲಾರವಾದ್ದರಿಂದ, ನಮ್ಮ ಮಕ್ಕಳು ಇದ್ದ ಜಗತ್ತಿನಲ್ಲಿ ಬಹುದೂರವೇ ಹೋಗಿದ್ದಾರೆ ಎನ್ನಬೇಕು.

ಈ ದಾರಿ ಯಾವ ದೇಶಗಳ ಮೇಲೆ ಹೋಗುತ್ತದೆ ಎಂದು ಕೇಳಿದರೆ ಹೆಚ್ಚಿನವರು ಗೋಡೆಯ ನಕ್ಷೆಯನ್ನು ನೋಡಿ, ಜಪಾನಿನ ಮೇಲೆ ಹಾಯ್ದು ಪೆಸಿಫಿಕ್ ಸಾಗರವನ್ನು ಅಡ್ಡ ದಾಟುತ್ತದೆಂದು ಹೇಳುವರು. ಗೋಡೆಯ ನಕ್ಷೆ ಈ ವಿಷಯದಲ್ಲಿ ನಂಬತಕ್ಕದ್ದಲ್ಲ. ಮನೆಯಲ್ಲಿ ಮಕ್ಕಳ ಭೂಗೋಲದ ಗುಂಡು ಇದ್ದರೆ ಹೊಲಿಗೆಯ ದಾರವೊಂದನ್ನು ತೆಗೆದುಕೊಂಡು ಒಂದು ತುದಿಯನ್ನು ಬೆಂಗಳೂರಿನ ಮೇಲೂ ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊದ ಮೇಲೂ ಹಿಡಿದು ಬಿಗಿಯಾಗಿ ಎಳೆಯಿರಿ. ದಾರವು ಪೂರ್ವಕ್ಕೆ ಹೋಗದೆ ಉತ್ತರಕ್ಕೆ ಏರುವುದನ್ನು ಕಾಣುವಿರಿ. ಟಿಬೇಟು, ಮಂಗೋಲಿಯ, ಸೈಬೀರಿಯಗಳನ್ನು ದಾಟಿ, ಏಷ್ಯದ ಈಶಾನ್ಯ ಮೂಲೆಯ ಹೆಪ್ಪುಗಟ್ಟಿದ ಸಮುದ್ರವನ್ನು ಮುಟ್ಟಿ, ಅಲಾಸ್ಕದ ಮೇಲೆ ಇಳಿದು, ಕೆನಡದ ಕರಾವಳಿಯ ಬದಿಯಿಂದ ಅದು ಕ್ಯಾಲಿಫೋರ್ನಿಯವನ್ನು ಸೇರುತ್ತದೆ. ಗುಂಡಿನ ಮೇಲೆ ನೆಟ್ಟಗಿರುವ ದಾರ ಚಪ್ಪಟೆ ಕಾಗದದ ಮೇಲೆ ಕಮಾನಿನಂತೆ ಕಾಣುವುದಷ್ಟೇ. ನಾಲ್ಕನೆಯ ಇಯತ್ತೆಯ ಹುಡುಗನಿಗೆ ಈ ಆಟ ಅರ್ಧ ತಾಸಿನ ಪಾಠಕ್ಕಿಂತ ಹೆಚ್ಚು ಕಲಿಸೀತು.

ಇದು ಬರಿಯ ದಾರದ ಆಟವಲ್ಲ ಎಂಬುದಕ್ಕೆ 2023ರ ಜೂನ್ 6ರ ಘಟನೆಯೇ ಸಾಕ್ಷಿ. ಅಂದು ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹಾರುತ್ತಿದ್ದ ಏರ್ ಇಂಡಿಯಾ ವಿಮಾನವು ಯಂತ್ರದೋಷದಿಂದಾಗಿ ರಷ್ಯದ ಈಶಾನ್ಯದ ಮಗದಾನ್ ಎಂಬ ಊರಿನಲ್ಲಿ ಇಳಿಯಬೇಕಾಯಿತು. ಅದರಲ್ಲಿದ್ದ 216 ಪ್ರಯಾಣಿಕರು ಹೆಸರನ್ನೂ ಕೇಳಿರದ ಆ ಶೀತದೇಶದಲ್ಲಿ ಬೇರೊಂದು ವಿಮಾನ ಬರುವ ತನಕ ಕಾಯ್ದರು. ದಿಲ್ಲಿಯಿಂದ ಅಮೇರಿಕೆಗೆ ಹೊರಟವರು ಸೈಬೀರಿಯದಲ್ಲೇಕೆ ಇಳಿದರೆಂದು ಅಂದು ಹಲವರಿಗೆ ಆಶ್ಚರ್ಯವಾಗಿತ್ತು. ದಾರ ಎಳೆದು ನೋಡಿದವರಿಗೆ ಆಗಲಾರದು.

ಹಾರಾಟದ ಅವಧಿಯ ಮಾತಿಗೆ ಬರೋಣ. ಈ ಬಗೆಯ ದೊಡ್ಡ ವಿಮಾನಗಳ ವೇಗ ತಾಸಿಗೆ 900 ಕಿಲೋಮೀಟರಿನ ಆಸುಪಾಸು. 14,000ವನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ತಾಸು ಬರುತ್ತದೆ. ಏರುವುದು, ಇಳಿಯುವುದು, ದಾರಿ ತುಸು ಬಳಸುವುದು ಇವೆಲ್ಲ ಸೇರಿ 16ರಿಂದ 17 ತಾಸು ಹಿಡಿಯುವುದು. ಇದರಲ್ಲಿ ಗಾಳಿಯ ಪಾತ್ರ ದೊಡ್ಡದು. ಹತ್ತು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿಯ ಹೊಳೆಯೊಂದು ಸದಾ ಹರಿಯುತ್ತಿರುತ್ತದೆ. ಅದರೊಡನೆ ಹೋದ ವಿಮಾನ ಬೇಗ ಮುಟ್ಟುವುದು, ಎದುರಾದುದು ತಡವಾಗುವುದು. ಆದ್ದರಿಂದಲೇ ಹೋಗುವಾಗಿನ ತಾಸು ಬರುವಾಗ ಇರುವುದಿಲ್ಲ. ಭೂಮಿಯ ಮೇಲಿನ ಜಗಳಗಳೂ ಆಕಾಶದ ದಾರಿಯನ್ನು ಉದ್ದ ಮಾಡುತ್ತವೆ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನವು ತನ್ನ ಆಕಾಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ದಿಲ್ಲಿಯಿಂದ ಪಶ್ಚಿಮಕ್ಕೆ ಹೋಗುವ ಪ್ರವಾಸಗಳಿಗೆಲ್ಲ ಹೆಚ್ಚು ಹೊತ್ತು ಹಿಡಿಯತೊಡಗಿತು.

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ನಡುವೆ ಎಲ್ಲಿಯೂ ಇಳಿಯದ ಮೊದಲ ಹಾರಾಟ ನಡೆದುದು 2021ರ ಜನವರಿಯಲ್ಲಿ. ಕ್ಯಾಪ್ಟನ್ ಜೋಯಾ ಅಗರವಾಲ್ ಅವರ ನೇತೃತ್ವದಲ್ಲಿ ಮಹಿಳೆಯರೇ ಚಾಲಕರಾಗಿದ್ದ ಏರ್ ಇಂಡಿಯಾ ವಿಮಾನವು ಉತ್ತರ ಧ್ರುವದ ಮೇಲಿಂದ ಹಾರಿ ಬಂದಿತು. ಅದು ಅಲ್ಲಿಂದ ಹೊರಟುದು 9ನೆಯ ತಾರೀಖಿನ ರಾತ್ರಿ. ಬೆಂಗಳೂರಿನಲ್ಲಿ ಇಳಿದುದು 11ರ ನಸುಕಿನಲ್ಲಿ. ಹಾರಿದುದು 17 ತಾಸಿನ ಮೇಲೆ ಕೆಲವು ನಿಮಿಷ. ಹಾಗಾದರೆ 10ನೆಯ ತಾರೀಖು ಎಲ್ಲಿ ಹೋಯಿತು? ಕ್ಯಾಲಿಫೋರ್ನಿಯದಲ್ಲಿ 9ರ ರಾತ್ರಿಯಾಗಿದ್ದಾಗ ನಮ್ಮಲ್ಲಿ ಆಗಲೇ 10ರ ಬೆಳಗಿನ ಹತ್ತು ಗಂಟೆಯ ಸುಮಾರು. ಆ ಹತ್ತನೆಯ ತಾರೀಖನ್ನು ಪ್ರಯಾಣಿಕರು ಆಕಾಶದಲ್ಲಿ ಕಳೆದರು. ಅತ್ತ ಹೋಗುವಾಗ ಇದಕ್ಕೆ ತಿರುಗುಮುರುಗು: ಮಧ್ಯಾಹ್ನ ಇಲ್ಲಿಂದ ಹೊರಟವನು ಹದಿನಾರು ತಾಸು ಹಾರಿ, ಅದೇ ತಾರೀಖಿನ ಸಂಜೆ ಅಲ್ಲಿ ಇಳಿಯಬಲ್ಲನು. ಏಕಾದಶಿಯ ಉಪವಾಸ ಹಿಡಿದವರು ಯಾವ ಊರಿನ ತಿಥಿ ಪಾಲಿಸತಕ್ಕದ್ದೆಂದು ಪಂಚಾಂಗದವರನ್ನು ಕೇಳಿಕೊಳ್ಳಬೇಕು. ಆ ಗೋಜಿಗೆ ನಾವು ಹೋಗುವುದಿಲ್ಲ.

ಇಲ್ಲಿಯ ತನಕ ಎಲ್ಲವೂ ಸರಳ. ತೊಡಕು ಇರುವುದು ವಿಮಾನ ಇಳಿದ ಮೇಲೆ. ಬೆಂಗಳೂರಿನಿಂದ ಮಿರಜದ ತನಕ ರೈಲಿನ ಹಾದಿ ಸುಮಾರು 750 ಕಿಲೋಮೀಟರು. ನಮ್ಮವರೆಲ್ಲ ಬಲ್ಲ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರಾತ್ರಿ ಹನ್ನೊಂದರ ಸುಮಾರಿಗೆ ಬೆಂಗಳೂರು ಬಿಟ್ಟು, ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳನ್ನು ಹಾದು ಮರುದಿನ ಮಧ್ಯಾಹ್ನ ಇತ್ತ ಮುಟ್ಟುತ್ತದೆ. ಅದು 15 ತಾಸಿನ ಪ್ರವಾಸ. ಅರ್ಧ ಭೂಮಿಯನ್ನು ದಾಟಲು 17 ತಾಸು, ಬೆಂಗಳೂರಿನಿಂದ ನಮ್ಮ ಊರಿಗೆ 15 ತಾಸು! ಮೇಲಾಗಿ 2021ರ ಆ ಮೊದಲ ವಿಮಾನದಂತೆ ನಸುಕಿನ ನಾಲ್ಕಕ್ಕೆ ಇಳಿದು, ರಾತ್ರಿ ಹನ್ನೊಂದರ ಗಾಡಿಗಾಗಿಯೇ ಕುಳಿತರೆ ಕಾಯುವುದೇ 19 ತಾಸು. ಕಾಯುವಿಕೆಯು ಹಾರಾಟಕ್ಕಿಂತ ಉದ್ದವಾಯಿತು.

ಮಿರಜದವರಿಗೆ ಇದು ಹೊಸ ಪಾಠವೇನೂ ಅಲ್ಲ. ಪ್ರವಾಸದ ಹೊತ್ತು ಹೋಗುವುದು ಓಟದಲ್ಲಲ್ಲ, ಗಾಡಿ ಬದಲಿಸುವಲ್ಲಿ ಎಂಬುದನ್ನು ಭಾರತದಲ್ಲಿ ಮಿರಜದಷ್ಟು ಚೆನ್ನಾಗಿ ತಿಳಿದ ಊರು ಕಡಿಮೆ. 1971ರಲ್ಲಿ ಪುಣೆಯಿಂದ ಮಿರಜದ ತನಕ ಅಗಲ ಹಳಿ ಬಂದ ಮೇಲೆ ಮಿರಜ ಜಂಕ್ಷನ್ನಿನಲ್ಲಿ ಮೂರು ಬಗೆಯ ಹಳಿಗಳು ಕೂಡಿದವು. ಮುಂಬಯಿ, ಪುಣೆ, ಕೊಲ್ಹಾಪುರಗಳ ಕಡೆಗೆ 1,676 ಮಿಲಿಮೀಟರಿನ ಅಗಲ ಹಳಿ. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರುಗಳ ಕಡೆಗೆ ಒಂದು ಮೀಟರಿನ ಹಳಿ. ಪಂಢರಪುರ, ಕುರ್ಡುವಾಡಿಗಳ ಕಡೆಗೆ ಬಾರ್ಸಿ ಲೈಟ್ ರೈಲ್ವೆಯವರು 1927ರಲ್ಲಿ ಮಿರಜಕ್ಕೆ ಮುಟ್ಟಿಸಿದ 762 ಮಿಲಿಮೀಟರಿನ ಪುಟ್ಟ ಹಳಿ. ಕನ್ನಡ ನಾಡಿನಿಂದ ವಿಠ್ಠಲನ ದರ್ಶನಕ್ಕೆ ಹೊರಟವರು ಇಲ್ಲಿ ಇಳಿದು, ಗಂಟು ಮೂಟೆ ಹೊತ್ತು, ಮಕ್ಕಳ ಕೈ ಹಿಡಿದು ಇನ್ನೊಂದು ಪ್ಲಾಟ್‌ಫಾರಮ್ಮಿಗೆ ಓಡುತ್ತಿದ್ದರು. ಮುಂಬಯಿಯ ಗಾಡಿ ತಡವಾದರೆ ಬೆಂಗಳೂರಿನ ಗಾಡಿ ಕಾಯುವುದೋ ಹೋಗಿಬಿಡುವುದೋ ಎಂಬ ಆತಂಕವನ್ನು ಉಂಡವರು ಇನ್ನೂ ನಮ್ಮ ನಡುವೆ ಬಹಳ ಜನರಿದ್ದಾರೆ. 1990ರ ದಶಕದಲ್ಲಿ ಬೆಂಗಳೂರಿನ ಹಳಿಯೂ ಅಗಲವಾಯಿತು, ಈ ಶತಮಾನದಲ್ಲಿ ಪಂಢರಪುರದ್ದೂ ಆಯಿತು. ಮಿರಜದ ಗಂಟು ಬಿಚ್ಚಿತು. ಈಗ ಆ ಗಂಟು ಬೆಂಗಳೂರು, ಮುಂಬಯಿ, ದುಬೈಗಳ ವಿಮಾನ ನಿಲ್ದಾಣಗಳಿಗೆ ಹೋಗಿ ಕುಳಿತಿದೆ.

ಆಕಾಶದ ಹಾದಿ ನಮ್ಮ ಸೀಮೆಗೆ ಹೊಸದಲ್ಲ ಎಂಬುದನ್ನೂ ಹೇಳಬೇಕು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಟಪಾಲು ಹೊತ್ತ ಪುಟ್ಟ ವಿಮಾನವನ್ನು ಹಾರಿಸಿಕೊಂಡು ಬಂದರು. ಅಲ್ಲಿಂದ ಅವರ ಸಹಕಾರಿ ನೆವಿಲ್ ವಿನ್ಸೆಂಟರು ಅದೇ ಟಪಾಲನ್ನು ಬಳ್ಳಾರಿಯ ಮೇಲೆ ಮದರಾಸಿಗೆ ಒಯ್ದರು. ನಕ್ಷೆಯಲ್ಲಿ ಮುಂಬಯಿಯಿಂದ ಬಳ್ಳಾರಿಗೆ ನೆಟ್ಟಗೆ ಗೆರೆ ಎಳೆದರೆ ಅದು ಸಾಂಗ್ಲಿ ಜಿಲ್ಲೆಯ ಕವಠೆ ಮಹಾಂಕಾಳ ಮತ್ತು ಜತ್ತಗಳ ನಡುವೆ ಹಾದು ಹೋಗುತ್ತದೆ. ಇಂದಿಗೂ ಕನ್ನಡ ಶಾಲೆಗಳುಳ್ಳ ಸೀಮೆ ಅದು. ಗೆರೆಯೇನೋ ನಮ್ಮ ತಲೆಯ ಮೇಲೆಯೇ ಹೋಗುತ್ತದೆ, ನಮ್ಮಲ್ಲಿ ಇಳಿಯುವುದಿಲ್ಲ. ಸಾಂಗ್ಲಿಯ ಹತ್ತಿರದ ಕವಲಾಪುರದಲ್ಲಿ ಹಳೆಯ ವಿಮಾನಪಟ್ಟಿಯೊಂದು ಇದೆ. ಅದನ್ನು ನಿಲ್ದಾಣವಾಗಿ ಮಾಡಬೇಕೆಂಬ ಬೇಡಿಕೆಯೂ ಹಳೆಯದೇ. ಸದ್ಯಕ್ಕೆ ಐವತ್ತು ಕಿಲೋಮೀಟರು ದೂರದ ಕೊಲ್ಹಾಪುರವಾಗಲಿ ಬೆಳಗಾವಿಯ ಸಾಂಬ್ರಾ ಆಗಲಿ ನಮಗೆ ಗತಿ. 2018ರಲ್ಲಿ ಉಡಾನ್ ಯೋಜನೆಯಲ್ಲಿ ಕೊಲ್ಹಾಪುರದಿಂದ ಬೆಂಗಳೂರು, ಹೈದರಾಬಾದುಗಳಿಗೆ ವಿಮಾನಗಳು ಆರಂಭವಾದುದು ನಮಗೆ ಸಂತೋಷದ ಸಂಗತಿಯೇ ಆಗಿತ್ತು. ಆದರೆ ಸಣ್ಣ ಊರಿನ ವಿಮಾನದ ದಿನಗಳೂ ವೇಳೆಯೂ ಮೇಲಿಂದ ಮೇಲೆ ಬದಲಾಗುತ್ತವೆ. ಹಿಂದಿನ ವರ್ಷ ಮಾವನವರು ಹೋದ ವಿಮಾನ ಈ ವರ್ಷವೂ ಇದ್ದೀತೆಂದು ಭಾವಿಸಕೂಡದು.

ಈಗ ಲೆಕ್ಕ ಹಾಕೋಣ. ಕ್ಯಾಲಿಫೋರ್ನಿಯದಲ್ಲಿ ಮಗನಿಗೆ ಸುದ್ದಿ ಮುಟ್ಟಿತು, ಅಂದೇ ಟಿಕೇಟು ಸಿಕ್ಕಿತು ಎಂದಿಟ್ಟುಕೊಳ್ಳಿ. ವಿಮಾನ ಏಳುವ ಮೂರು ತಾಸು ಮೊದಲು ಅವನು ನಿಲ್ದಾಣದಲ್ಲಿರಬೇಕು. ನೇರ ಹಾರಾಟ 17. ಇಳಿದ ಮೇಲೆ ಪಾಸ್‌ಪೋರ್ಟು ತೋರಿಸಿ ಸಾಮಾನು ಪಡೆಯಲು ಎರಡು. ಮುಂಬಯಿಯಲ್ಲಿ ಇಳಿದನಾದರೆ ಅಲ್ಲಿಂದ ಸಾಂಗ್ಲಿವಾಡಿಗೆ ರಸ್ತೆಯಿಂದ ಸುಮಾರು 375 ಕಿಲೋಮೀಟರು, ಮೋಟಾರಿನಲ್ಲಿ ಎಂಟು ತಾಸು. ಒಟ್ಟು 30. ಬೆಂಗಳೂರಿನಲ್ಲಿ ನಸುಕಿಗೆ ಇಳಿದು ರಾತ್ರಿಯ ರೈಲನ್ನೇ ಹಿಡಿದನಾದರೆ 54. ಬೆಂಗಳೂರಿನಿಂದ ಮೋಟಾರು ಮಾಡಿದರೂ ರಸ್ತೆ 640 ಕಿಲೋಮೀಟರಿನಷ್ಟಾಗುವುದರಿಂದ ಹನ್ನೆರಡು ತಾಸಿಗೆ ಕಡಿಮೆಯಲ್ಲ. ಉತ್ತರದಿಂದ ಬರುವವನಿಗೆ ಬೆಂಗಳೂರು ಎಂದರೆ ತನ್ನ ಮನೆಯನ್ನು ದಾಟಿ ಮುಂದೆ ಹೋಗಿ ಹಿಂದಿರುಗಿದಂತೆ. ಬೆಂಗಳೂರು ನಮ್ಮ ರಾಜಧಾನಿ, ಅಲ್ಲಿ ಇಳಿದರೆ ಕಿವಿಗೆ ಕನ್ನಡ ಬೀಳುತ್ತದೆ ಎಂಬ ಅಭಿಮಾನ ನಮಗೂ ಉಂಟು. ಅವಸರದ ಪ್ರವಾಸದಲ್ಲಿ ಮಾತ್ರ ಅದನ್ನು ಬದಿಗಿಟ್ಟು ಮುಂಬಯಿಗೆ ಬರುವುದೇ ಸರಿಯೆಂದು ನಾವು ಒತ್ತಿ ಹೇಳುತ್ತೇವೆ.

ನೇರ ವಿಮಾನಗಳು ದಿನಾಲೂ ಇರುವುದಿಲ್ಲ; ಆರಂಭವಾದವು ನಿಲ್ಲುವುದೂ ಉಂಟು. ಆದ್ದರಿಂದ ಬಹುಮಂದಿ ನಡುವೆ ಒಮ್ಮೆ ಇಳಿದು ಬರುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ದುಬೈಗೆ ಸುಮಾರು 13,000 ಕಿಲೋಮೀಟರು, ದುಬೈಯಿಂದ ಮುಂಬಯಿಗೆ 1,900ಕ್ಕೂ ತುಸು ಹೆಚ್ಚು. ಕೂಡಿದರೆ ನೇರ ದಾರಿಗಿಂತ 1,500 ಕಿಲೋಮೀಟರು ಹೆಚ್ಚಾಯಿತು, ಎಂದರೆ ಎರಡು ತಾಸಿನ ಹಾರಾಟ. ಇದಕ್ಕೆ ಅಂಜಬೇಕಾಗಿಲ್ಲ. ಅಂಜಬೇಕಾದುದು ನಡುವಿನ ಕಾಯುವಿಕೆಗೆ. ಎರಡು ತಾಸಿನ ಕಾಯುವಿಕೆಯುಳ್ಳ ಬಳಸು ದಾರಿಯು, ಮೂರು ದಿನಗಳ ನಂತರ ಏಳುವ ನೇರ ವಿಮಾನಕ್ಕಿಂತ ಎಷ್ಟೋ ಮೇಲು. ಕಡಿಮೆ ದರದ ಟಿಕೇಟಿನಲ್ಲಿ ಹನ್ನೆರಡು ತಾಸಿನ ತಂಗುವಿಕೆ ಅಡಗಿರುತ್ತದೆ. ಹಬ್ಬಕ್ಕೆ ಬರುವವರಿಗೆ ಅದರಿಂದ ಬಾಧೆಯಿಲ್ಲ.

ಇನ್ನು ಹೇಳಲು ಮನಸ್ಸು ಹಿಂಜರಿಯುವ ಮಾತು. ಮನೆಯ ಹಿರಿಯರು ತೀರಿಕೊಂಡಾಗ, ಮಗ ಬರುವ ತನಕ ಇಡಬೇಕೋ ಬೇಡವೋ ಎಂಬ ಚರ್ಚೆ ಅಂಗಳದಲ್ಲಿ ಏಳುತ್ತದೆ. ಮೇಲಿನ ಲೆಕ್ಕದಂತೆ ಎಲ್ಲವೂ ಅನುಕೂಲವಾದರೂ 30 ತಾಸು. ಟಿಕೇಟು, ರಜೆ, ಕಾಗದಪತ್ರಗಳು ಕೂಡಿದರೆ ಎರಡು ದಿನಗಳಿಗೆ ಕಡಿಮೆಯಾಗದು. ಅಂಥ ಹೊತ್ತಿನಲ್ಲಿ ನೆಂಟರಿಷ್ಟರು ದುಃಖದಲ್ಲಿದ್ದವರ ಮೇಲೆ ನಿರ್ಣಯದ ಭಾರವನ್ನು ಹೇರಿ, ಆ ಮೇಲೆ ವರ್ಷಗಟ್ಟಲೆ ಮಗ ಬರಲಿಲ್ಲವೆಂದೋ ಕಾಯಲಿಲ್ಲವೆಂದೋ ಆಡಿಕೊಳ್ಳುವುದನ್ನು ಕಂಡು ನಮಗೆ ಬೇಸರವಾಗಿದೆ. ದೂರವಿದ್ದವನು ಬಾರದಿದ್ದುದು ಪ್ರೀತಿಯ ಕೊರತೆಯಿಂದಲ್ಲ, ಅನೇಕ ವೇಳೆ ಕೇವಲ ಗಡಿಯಾರದ ಕಾರಣದಿಂದ. ಆದುದರಿಂದ ಹಿರಿಯರು ತಾವು ಗಟ್ಟಿಯಾಗಿರುವಾಗಲೇ ತಮ್ಮ ಇಚ್ಛೆಯನ್ನು ಹೇಳಿಡುವುದು ಒಳ್ಳೆಯದು. ಕಾಯಿರಿ ಎನ್ನುವವರು ಹಾಗೆನ್ನಲಿ, ಕಾಯಬೇಡಿರಿ, ಇದ್ದವರು ಮುಗಿಸಿರಿ ಎನ್ನುವವರು ಹಾಗೆನ್ನಲಿ. ಅಪಶಕುನವೆಂದು ಬಾಯಿ ಮುಚ್ಚಿಸುವುದರಿಂದ ಯಾರಿಗೂ ಹಿತವಿಲ್ಲ. ಮತ್ತೊಂದು ಮಾತು. ಆಸ್ಪತ್ರೆಗೆ ಸೇರಿಸಿದ ದಿನವೇ ಮಕ್ಕಳಿಗೆ ನಿಜವನ್ನು ತಿಳಿಸಿರಿ. ಏನೂ ಇಲ್ಲ, ಬರಬೇಡ, ಸುಮ್ಮನೆ ಖರ್ಚು ಎಂದು ಫೋನಿನಲ್ಲಿ ಹೇಳುವ ತಾಯಂದಿರು ಮಕ್ಕಳ ಕೈಯಿಂದ ಎರಡು ಅಮೂಲ್ಯ ದಿನಗಳನ್ನು ಕಸಿಯುತ್ತಾರೆ. ಬದುಕಿದ್ದಾಗ ಎಂಟು ದಿನ ಬಂದು ಮಗ್ಗುಲಲ್ಲಿ ಕುಳಿತ ಮಗನಿಗೆ ಕೊನೆಯ ತಾಸು ತಪ್ಪಿದರೂ ಅಷ್ಟು ಕೊರಗಾಗಲಾರದು.

ಸುದ್ದಿ ತಿಳಿಸುವಾಗ ಗಡಿಯಾರದ ನೆನಪಿರಲಿ. ಚಳಿಗಾಲದಲ್ಲಿ ನಾವು ಕ್ಯಾಲಿಫೋರ್ನಿಯಕ್ಕಿಂತ ಹದಿಮೂರೂವರೆ ತಾಸು ಮುಂದೆ. ಅಲ್ಲಿಯವರು ಮಾರ್ಚಿನ ಎರಡನೆಯ ರವಿವಾರ ಗಡಿಯಾರವನ್ನು ಒಂದು ತಾಸು ಮುಂದೆ ತಿರುಗಿಸಿ, ನವೆಂಬರಿನ ಮೊದಲನೆಯ ರವಿವಾರ ಹಿಂದಕ್ಕೆ ತರುತ್ತಾರಾದ್ದರಿಂದ ಬೇಸಗೆಯಲ್ಲಿ ಅಂತರ ಹನ್ನೆರಡೂವರೆ. ನಮ್ಮ ಮುಂಜಾನೆಯ ಎಂಟು ಗಂಟೆ ಅವರಿಗೆ ಹಿಂದಿನ ದಿನದ ಸಂಜೆ ಆರೂವರೆ ಅಥವಾ ಏಳೂವರೆ. ನಮ್ಮ ಮಧ್ಯಾಹ್ನದ ಎರಡಕ್ಕೆ ಅವರಲ್ಲಿ ನಡುರಾತ್ರಿ ಕಳೆದಿರುತ್ತದೆ. ಫೋನು ಬಾರಿಸುತ್ತಲೇ ಇರಬೇಕು, ಒಮ್ಮೆ ಎತ್ತಲಿಲ್ಲವೆಂದು ಬಿಡಬಾರದು.

ಅತ್ತ ಹೊರಟ ಹಿರಿಯರಿಗೂ ಎರಡು ಮಾತು ಸಾಕು. ಹದಿನಾರು ತಾಸು ಕುಳಿತಲ್ಲೇ ಕುಳಿತರೆ ಕಾಲು ಬಾಯುವುದು, ಕೆಲವರಿಗೆ ಕಾಲಿನ ರಕ್ತ ಹೆಪ್ಪುಗಟ್ಟುವುದೂ ಉಂಟು. ಎರಡು ತಾಸಿಗೊಮ್ಮೆ ಎದ್ದು ನಡೆದಾಡಿರಿ, ನೀರು ಕುಡಿಯಿರಿ, ದಿನದ ಗುಳಿಗೆಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿರಿ. ಹೊಸ ಊರಿನ ಹೊತ್ತಿಗೆ ಮೈ ಹೊಂದಿಕೊಳ್ಳಲು ಹೆಚ್ಚುಕಡಿಮೆ ತಾಸಿಗೊಂದು ದಿನದಂತೆ ಬೇಕಾಗುವುದರಿಂದ ಮೊದಲ ವಾರ ರಾತ್ರಿ ಎರಡಕ್ಕೆ ಎಚ್ಚರವಾದರೆ ಗಾಬರಿಯಾಗಬೇಡಿರಿ. ಭಾಷೆಯ ಚಿಂತೆಯಂತೂ ಬೇಡವೇ ಬೇಡ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತ ಬಂದ ನಮ್ಮ ತಾಯಂದಿರು ಮುಂಬಯಿಯಲ್ಲಿಯೂ ಬೆಂಗಳೂರಿನಲ್ಲಿಯೂ ಯಾರ ಹಂಗೂ ಇಲ್ಲದೆ ದಾರಿ ಕೇಳಬಲ್ಲರು. ಬರಿ ಒಂದೇ ಭಾಷೆಯ ಊರಿನವರಿಗೆ ಈ ಭಾಗ್ಯವಿಲ್ಲ.

ಇಷ್ಟೆಲ್ಲ ಲೆಕ್ಕದ ನಂತರ ಉಳಿಯುವುದು ಕೊನೆಯ ಅರ್ಧ ಮೈಲು. ಸಾಂಗ್ಲಿಯಿಂದ ಸಾಂಗ್ಲಿವಾಡಿಗೆ ಬರುವ ಐರ್ವಿನ್ ಸೇತುವೆ 1929ರದು. ಅಲ್ಲಿ ಕೃಷ್ಣೆಯ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟಿನಲ್ಲಿ ನೀರು 57 ಅಡಿಯನ್ನೂ ಮೀರಿತು. ಸಾಂಗ್ಲಿವಾಡಿಯ ಮನೆಗಳಿಗೆ ನೀರು ಹೊಕ್ಕಿತು, ಕೊಲ್ಹಾಪುರದ ಬಳಿ ಪುಣೆ ಬೆಂಗಳೂರು ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಅಂಥ ವಾರದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಮುಂಬಯಿಗೆ ಬಂದಿಳಿಯುವುದು ಸುಲಭ. ಸಾಂಗ್ಲಿಯ ದಂಡೆಯಿಂದ ಎದುರಿನ ತಮ್ಮ ಮನೆಯನ್ನು ಮುಟ್ಟುವುದು ಅಸಾಧ್ಯ. 2021ರ ಜುಲೈಯಲ್ಲಿ ಹೊಳೆ ಮತ್ತೆ ಊರನ್ನು ಹೊಕ್ಕಿತು. ಆದುದರಿಂದ ಜುಲೈ ಮತ್ತು ಆಗಸ್ಟಿನಲ್ಲಿ ಬರಬೇಕೆಂದಿರುವವರು ಟಿಕೇಟು ತೆಗೆಯುವ ಮುನ್ನ ಊರಿಗೆ ಫೋನು ಮಾಡಿ ಐರ್ವಿನ್ ಸೇತುವೆಯ ಬಳಿ ನೀರು ಎಷ್ಟು ಅಡಿ ಇದೆ, ಮನೆಯವರು ಯಾವ ದಂಡೆಯಲ್ಲಿದ್ದಾರೆ ಎಂಬೆರಡನ್ನೂ ಕೇಳಿಕೊಳ್ಳತಕ್ಕದ್ದು. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಹೊಳೆ 40 ಅಡಿಗೆ ಬರುವಷ್ಟರಲ್ಲಿಯೇ ಅವರನ್ನು ಮಿರಜದ ಕಡೆಯ ನೆಂಟರ ಮನೆಗೆ ಸಾಗಿಸಿ, ಆ ವಿಳಾಸವನ್ನು ಮಕ್ಕಳಿಗೆ ತಿಳಿಸಿಬಿಡಿರಿ.